ಪೆಡಲ್ ಬಿಚ್ಚಿಟ್ಟು ಹೋಗು, ಮಗಳೇ

ಪುಟ್ಟಿ,

ಫೋನ್ ಕಟ್ ಮಾಡಿದ ಮೇಲೆ ನೀನು ಕಳಿಸಿದ ಮೆಸೇಜ್ ನೋಡಿದೆ. "ತೊಗಾಶಿಗೆ ಎರಡೂ ಕಾಲು ಹೋಗಿತ್ತು, ಆದ್ರೂ ಬಾರಿಸಿದ್ರು. ನನ್ನದು ಬರೀ ಒಂದು ಪಾದ." ಜಪಾನಿನ ಆ ಜಾಝ್ ಡ್ರಮ್ಮರನನ್ನು ಮುಂದಿಟ್ಟ ಈ ಮಾತಿಗೆ ಫೋನಿನಲ್ಲಿ ಉತ್ತರ ಕೊಡಲು ಹೋದರೆ ಮತ್ತೆ ಜಗಳವೇ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗದರಿದೆ, ಬೇಜಾರು ಮಾಡಿಕೊಳ್ಳಬೇಡ. ಆದರೆ ಗದರಿದ ವಿಷಯ ಹಾಗೇ ಇದೆ.

ಸ್ಕೂಟರ್, ಆಸ್ಪತ್ರೆ ಎಲ್ಲ ಬಿಡು. ಪ್ಲಾಸ್ಟರ್ ಬಿಚ್ಚಿದ್ದಾರೆ ಅಷ್ಟೇ, ಮೂಳೆ ಪೂರ್ತಿ ಕೂಡಿಲ್ಲ. ನೀನು ನೋಡಿದರೆ ಶನಿವಾರದ ಷೋನಲ್ಲಿ ಬಲಗಾಲಿನಿಂದ ಆ ದೊಡ್ಡ ಬಾಸ್ ಡ್ರಮ್ಮಿನ ಪೆಡಲ್ ತುಳಿಯುತ್ತೇನೆ ಅನ್ನುತ್ತೀಯ.

ನಿನ್ನ ತೊಗಾಶಿಯನ್ನು ನಾನೂ ಕೇಳಿದ್ದೇನೆ ಮಾರಾಯ್ತಿ. ಮನೆಯ ಕಂಪ್ಯೂಟರಿನಲ್ಲಿ ನೀನೇ ಹಾಕಿಟ್ಟು ಹೋದದ್ದು. ಮಸಾಹಿಕೊ ತೊಗಾಶಿ ಹುಟ್ಟಿದ್ದು 1940ರಲ್ಲಿ, ಟೋಕಿಯೋದಲ್ಲಿ. ಅವರ ಅಪ್ಪ ಸ್ವಿಂಗ್ ಅನ್ನುವ ಹಳೆಯ ಕುಣಿತದ ಜಾಝ್ ಬ್ಯಾಂಡಿನಲ್ಲಿ ಡಬಲ್ ಬಾಸ್, ಅಂದರೆ ನಿಂತು ನುಡಿಸುವ ಆ ದೊಡ್ಡ ತಂತಿವಾದ್ಯ, ನುಡಿಸುತ್ತಿದ್ದರು. ಮಗ ಚಿಕ್ಕಂದಿನಲ್ಲೇ ಪಿಟೀಲು, ಡ್ರಮ್ಸ್ ಎರಡನ್ನೂ ಕಲಿತು ಅಪ್ಪನ ಬ್ಯಾಂಡಿನಲ್ಲೇ ಬಾರಿಸಿದ. ನನ್ನ ತಲೆ ಇಲ್ಲೇ ಸಿಕ್ಕಿಹಾಕಿಕೊಂಡಿದೆ ನೋಡು. ಸ್ವಿಂಗ್‌ನಲ್ಲಿ ಬಾಸಿನ ತಂತಿ, ಡ್ರಮ್ಮರನ ಬಲಗಾಲು ನಾಲ್ಕೂ ಎಣಿಕೆಗೆ ಜೊತೆಯಲ್ಲೇ ಬೀಳುತ್ತವೆ ಅಂತ ಹೇಳಿಕೊಟ್ಟವಳು ನೀನು. ಅಂದರೆ ಆ ಅಪ್ಪ ತಂತಿ ಮೀಟಿದಾಗೆಲ್ಲ ಅದರ ಅಡಿಯಲ್ಲಿ ಮಗನ ಪಾದ ಇತ್ತು. ಬೇರೆ ಯಾರಿಗೂ ಕೇಳದಷ್ಟು ಮೆತ್ತಗೆ ತುಳಿದರೂ ಪಕ್ಕದಲ್ಲಿ ನಿಂತವನಿಗೆ ಗೊತ್ತಾಗುತ್ತದೆ, ಅಲ್ವಾ? ನಾನು ಬಾಸ್ ನುಡಿಸುವವನಲ್ಲ. ಆದರೂ ಗೊತ್ತಾಗುತ್ತದೆ.

ಆಮೇಲೆ ತೊಗಾಶಿ ಸ್ಯಾಕ್ಸೊಫೋನಿನ ಸಡಾವೊ ವತನಾಬೆ, ಪಿಯಾನೋದ ತೊಶಿಕೊ ಆಕಿಯೋಶಿ, ದೊಡ್ಡದೊಡ್ಡವರ ಜೊತೆಯೆಲ್ಲ ಬಾರಿಸಿದರು. 1969ರಲ್ಲಿ 'ವಿ ನೌ ಕ್ರಿಯೇಟ್' ರೆಕಾರ್ಡ್ ಬಂತು. ಜಪಾನಿನ ಫ್ರೀ ಜಾಝ್, ಕಟ್ಟುಪಾಡಿಲ್ಲದೆ ನುಡಿಸುವ ಜಾಝ್, ಅಂದರೆ ಇವತ್ತಿಗೂ ಅದರ ಹೆಸರು ಹೇಳುತ್ತಾರೆ. ಅದಾದ ಸ್ವಲ್ಪದರಲ್ಲೇ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಇನ್ನೂ 30 ತುಂಬಿರಲಿಲ್ಲ. ನನಗೆ ಅಲ್ಲೂ ನೆನಪಾಗುವುದು ಆ ಬಾಸ್, ಅದರ ಕೆಳಗಿನ ಪಾದ. ನಿನ್ನ ಅಮ್ಮ ಬೈಯುತ್ತಾಳೆ, ಯಾರದೋ ಮನೆಯ ಸಂಕಟ ತಲೆಗೆ ಹಚ್ಚಿಕೊಂಡು ಕೂತಿದ್ದೀರಿ ಅಂತ. ಅವಳಿಗೂ ಗೊತ್ತು, ಯಾರ ಮನೆಯದು ಅಂತ.

ಈಗ ನಿನ್ನ ಮೆಸೇಜಿಗೆ ಬರುತ್ತೇನೆ. ತೊಗಾಶಿ ನೋಯುವ ಕಾಲನ್ನು ದುಡಿಸಲಿಲ್ಲ ಪುಟ್ಟಿ. ಕಾಲಿನ ಕೆಲಸವನ್ನೇ ಬಿಟ್ಟುಕೊಟ್ಟರು. ಪೆಡಲ್ ಇಲ್ಲ, ಹೈ-ಹ್ಯಾಟಿನ ಜೋಡಿತಾಳ ತುಳಿಯುವುದೂ ಇಲ್ಲ. ಕೈಗೆ ಎಟಕುವ ಹಾಗೆ ಡ್ರಮ್ಮು, ತಾಳ, ಗಂಟೆ ಎಲ್ಲ ಜೋಡಿಸಿಕೊಂಡು ತಮ್ಮದೇ ಸೆಟ್ ಮಾಡಿಕೊಂಡರು. ಮೊದಲಿನ ಹಾಗೇ ಕೇಳಿಸಬೇಕು ಅನ್ನುವ ಹಟ ಆ ಕೈಗಳಲ್ಲಿ ನನಗೆ ಕೇಳಿಸುವುದಿಲ್ಲ. 1975ರ 'ಸ್ಪಿರಿಚುಯಲ್ ನೇಚರ್' ಕೇಳು. ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ! 1979ರಲ್ಲಿ ಪ್ಯಾರಿಸ್ಸಿನಲ್ಲಿ ತುತ್ತೂರಿಯ ಡಾನ್ ಚೆರ್ರಿ, ಬಾಸಿನ ಚಾರ್ಲಿ ಹೇಡನ್ ಜೊತೆ ರೆಕಾರ್ಡ್ ಮಾಡಿದರಲ್ಲ, ಅಲ್ಲಿ ಹೇಡನ್‌ರ ಬಾಸ್ ಪಕ್ಕದಲ್ಲಿದೆ, ಪೆಡಲಿನ ಗುದ್ದು ಮಾತ್ರ ಇಲ್ಲ. ನಾನು ಮತ್ತೆ ಮತ್ತೆ ಹಾಕಿಕೊಂಡು ಕೇಳುವುದು ಅದನ್ನೇ. ಆ ಬಾಸ್ ಒಂಟಿ ಅನ್ನಿಸಲಿ ಅಂತ ಕಾದು ಕೂರುತ್ತೇನೆ. ಅನ್ನಿಸುವುದಿಲ್ಲ. 2007ರಲ್ಲಿ ತೀರಿಕೊಳ್ಳುವಾಗ ಅವರಿಗೆ 67. ಬದುಕಿನಲ್ಲಿ ಹೆಚ್ಚಿನ ಕಾಲ ಬಾರಿಸಿದ್ದು ಕಾಲಿಲ್ಲದೆ, ಕೈಯಿಂದಷ್ಟೇ.

ಮತ್ತೆ ನೀನು? ನಿನ್ನದು ಕೂಡುವ ಮೂಳೆ. ಕೂಡುವುದನ್ನು ಸುಮ್ನೆ ಯಾಕೆ ಕೆಡಿಸುತ್ತೀಯ? ರಾಗಿ ಮಾಲ್ಟ್ ಕುಡಿಯುತ್ತಿದ್ದೀಯಾ? ಊರುಗೋಲು ಬಾಗಿಲ ಹಿಂದೆ ಇಟ್ಟು ಗೋಡೆ ಹಿಡಿದು ಓಡಾಡುತ್ತೀಯಂತೆ, ನಿನ್ನ ರೂಮ್‌ಮೇಟ್ ಅಮ್ಮನಿಗೆ ಹೇಳಿದಳು. ಅವಳ ಮೇಲೆ ಕೋಪ ಮಾಡಬೇಡ. ಫಿಸಿಯೋಥೆರಪಿ ಒಂದು ದಿನವೂ ತಪ್ಪಿಸಬೇಡ. ರಾತ್ರಿ ಕಾಲ ಕೆಳಗೆ ದಿಂಬು ಇಟ್ಟುಕೋ. ಇನ್ನು ಆ ಸ್ಕೂಟರ್... ಬೇಡ, ಶುರು ಮಾಡಿದರೆ ನಿಲ್ಲಿಸುವುದಿಲ್ಲ ನಾನು.

ಡ್ರಮ್ಸ್ ಬಿಡು ಅಂತ ನಾನು ಯಾವತ್ತೂ ಹೇಳಿಲ್ಲ, ಈಗಲೂ ಹೇಳುತ್ತಿಲ್ಲ. ನಮ್ಮ ಬೀದಿಯವರಿಗೆಲ್ಲ ನಿನ್ನ ವೀಡಿಯೊ ತೋರಿಸುವವನು ನಾನೇ. ಎದುರು ಮನೆಯವರು ನನ್ನನ್ನು ಕಂಡರೆ ಈಗ ಒಳಗೆ ಹೋಗುತ್ತಾರೆ.

ಶನಿವಾರ ಷೋ ಮಾಡಲೇಬೇಕಾದರೆ ಮಾಡು. ಆದರೆ ಪೆಡಲ್ ಬಿಚ್ಚಿ ರೂಮಿನಲ್ಲೇ ಇಟ್ಟು ಹೋಗು. ಬ್ರಷ್, ಮ್ಯಾಲೆಟ್, ಬರಿಗೈ, ಏನು ಬೇಕೋ ತಗೋ. ನಿನ್ನ ಬ್ಯಾಂಡಿನ ಬಾಸ್ ಹುಡುಗನಿಗೆ ಮೊದಲೇ ಹೇಳಿಡು, ಇಲ್ಲದಿದ್ದರೆ ಪಾಪ ಕಾಲಿಗೆ ಕಾಯುತ್ತಾನೆ. ಪೆಡಲ್ ಬಿಟ್ಟು ಹೋಗುವುದಾದರೆ ನಾನೇ ಬೆಳಗಿನ ರೈಲಿಗೆ ಬರುತ್ತೇನೆ. ಸೆಟ್ಟು ಇಳಿಸುವುದು, ಜೋಡಿಸುವುದು ನನಗಿರಲಿ. ನೀನು ಕೂತಲ್ಲಿಂದ ಹೇಳು ಸಾಕು. ಪೆಡಲ್ ಹಾಕುವುದಾದರೆ ಬರುವುದಿಲ್ಲ. ನನ್ನ ಕೈಲಿ ನೋಡುತ್ತಾ ಕೂರಲು ಆಗುವುದಿಲ್ಲ.

ಟಿಕೆಟ್ ಬುಕ್ ಮಾಡಬೇಕು, ಗುರುವಾರದೊಳಗೆ ಹೇಳಿಬಿಡು. ನನ್ನ ಮೇಲೆ ಇನ್ನೂ ಕೋಪ ಇದ್ದರೆ ಅಮ್ಮನ ಫೋನಿಗೆ ಮಾಡು.

ಅಪ್ಪ