ಗ್ರ್ಯಾಬ್ ಮುಚ್ಚದಿದ್ದರೆ ಬಳಚೇ ಇಲ್ಲವೇ?

ಮಾನ್ಯ ಸಂಪಾದಕರೆ,

ಅಳಿವೆ ಬಾಯಿಯ ಬಂದರು ವಿಸ್ತರಣೆ ಕುರಿತ ಸಾರ್ವಜನಿಕ ಅಹವಾಲು ಸಭೆ ‘ಶಾಂತಿಯುತವಾಗಿ ಮುಗಿಯಿತು’ ಎಂದು ನಿನ್ನೆಯ ಸಂಚಿಕೆಯಲ್ಲಿ ಬಂದಿದೆ. ಶಾಂತಿಗೇನೂ ಕೊರತೆ ಇರಲಿಲ್ಲ, ಜನರ ಕಡೆಯ ಮೈಕೇ ಕೆಟ್ಟಿತ್ತಲ್ಲ! 11 ಗಂಟೆಯ ಸಭೆಗೆ ಸಾಹೇಬರು ಬಂದದ್ದು ಒಂದೂವರೆಗೆ. ಶಾಮಿಯಾನದ ನೆರಳು ವೇದಿಕೆಗೆ, ಬಿಸಿಲು ನಮಗೆ. ಕುಡಿಯುವ ನೀರಿನ ಕ್ಯಾನ್ ಪೊಲೀಸರ ಹಿಂದೆ. ಅದೂ ಹುಣ್ಣಿಮೆಯ ಮಾರನೆಯ ದಿನ ಸಭೆ ಇಟ್ಟಿದ್ದಾರೆ. ದೊಡ್ಡ ಇಳಿತದ ದಿನ, ಸಂಜೆ ಮರಳುದಿಬ್ಬ ಎದ್ದು ನಿಲ್ಲುವ ಹೊತ್ತಿನಲ್ಲಿ ಬಳಚು, ಅಂದರೆ ಮರಳಲ್ಲಿ ಹುದುಗಿರುವ ತಿನ್ನುವ ಚಿಪ್ಪುಜೀವಿ, ಹೆಕ್ಕುವ ಹೆಂಗಸರೆಲ್ಲ ಬುಟ್ಟಿ ಮನೆಯಲ್ಲಿಟ್ಟು ಟೋಕನ್ ಹಿಡಿದು ಕೂತಿದ್ದರು. ಅವರ ಸರದಿ ಬರುವಷ್ಟರಲ್ಲಿ ‘ಉಳಿದವರು ಲಿಖಿತವಾಗಿ ಕೊಡಿ’ ಎಂದು ಅಪ್ಪಣೆಯಾಯಿತು. ಅಂದಿನ ದುಡಿಮೆಯೂ ಹೋಯಿತು, ಮಾತೂ ಹೋಯಿತು.

ಹೋಗಲಿ, ಸಭೆಗಳ ಹಣೆಬರಹ ಎಲ್ಲೆಡೆ ಇದೇ. ಆದರೆ ಪರಿಸರ ಪರಿಣಾಮ ವರದಿಯ ಜಲಜೀವಿ ಅಧ್ಯಾಯದಲ್ಲಿ ‘ವಾಣಿಜ್ಯ ಮಹತ್ವದ ಚಿಪ್ಪುಜೀವಿಗಳ ನೆಲೆ ಕಂಡುಬಂದಿಲ್ಲ’ ಎಂದು ಬರೆದಿದ್ದಾರಲ್ಲ, ಅದನ್ನು ಓದಿ ಸುಮ್ಮನಿರುವುದು ಹೇಗೆ? ಏಕೆ ಕಂಡುಬರಲಿಲ್ಲ ಎಂಬುದು ಅದೇ ಅಧ್ಯಾಯದ ವಿಧಾನದ ಪುಟದಲ್ಲಿದೆ. ತಳದ ಮಾದರಿ ತೆಗೆಯಲು ದೋಣಿಯಿಂದ 0.1 ಚದರ ಮೀಟರಿನ ವ್ಯಾನ್ ವೀನ್ ಗ್ರ್ಯಾಬ್, ಅಂದರೆ ಎರಡು ದವಡೆ ಮುಚ್ಚಿ ತಳದ ಮಣ್ಣು ಕಚ್ಚಿ ತರುವ ಸಲಕರಣೆ, ಬಿಟ್ಟಿದ್ದಾರೆ; ಉಬ್ಬರದ ಹೊತ್ತು, ದೋಣಿ ಓಡಾಡುವ ಆಳದ ಜಾಗ, ತಾಣಕ್ಕೆ ಒಂದೇ ಸಲ. ಮೆತ್ತನೆಯ ಕೆಸರಿಗೆ ಈ ಗ್ರ್ಯಾಬ್ ಅಡ್ಡಿಯಿಲ್ಲ. ಗಟ್ಟಿ ಮರಳಿನಲ್ಲಿ ಅದು ಮೇಲುಮೇಲೆ ಕೆರೆದು ಬರುತ್ತದೆ. ಚಿಪ್ಪಿನ ಚೂರೊಂದು ದವಡೆಗೆ ಸಿಕ್ಕಿಕೊಂಡರಂತೂ ಬಾಯಿ ಮುಚ್ಚುವುದೇ ಇಲ್ಲ, ಎತ್ತುವಾಗ ಮರಳೆಲ್ಲ ಸೋರಿ ದೋಣಿಗೆ ಬರುವುದು ಬರೀ ನೀರು. ಅಂಥದನ್ನು ಚೆಲ್ಲಿ ಮತ್ತೆ ಬಿಡಬೇಕು, ತಾಣಕ್ಕೆ ಮೂರಾದರೂ ಒಳ್ಳೆಯ ಮಾದರಿ ಸಿಗುವ ತನಕ. ಇವರು ಚೆಲ್ಲುವ ಬದಲು ‘0’ ಎಂದು ಬರೆದುಕೊಂಡಿರಬೇಕು. ಏಳು ತಾಣಗಳಲ್ಲಿ ನಾಲ್ಕಕ್ಕೆ ಸೊನ್ನೆ ಇದೆ. ಸಿಕ್ಕಿದ್ದನ್ನಾದರೂ ಅರ್ಧ ಮಿಲಿಮೀಟರ್ ಜರಡಿಯಲ್ಲಿ ತೊಳೆದು, ಫಾರ್ಮಾಲಿನ್ ಹಾಕಿ, ಜೀವಿಗಳು ಎದ್ದು ಕಾಣುವಂತೆ ರೋಸ್ ಬೆಂಗಾಲ್ ಬಣ್ಣ ಹಿಡಿಸಿ ಹೆಕ್ಕಬೇಕಿತ್ತು. ಇವರ ಜರಡಿಯ ಕಣ್ಣು 1 ಮಿ.ಮೀ. ಆಗಷ್ಟೇ ನೆಲ ಹಿಡಿದ ಮರಿ ಬಳಚು ಅದರಲ್ಲಿ ನಿಲ್ಲುತ್ತದೆಯೇ? ಅಷ್ಟಕ್ಕೂ ಬಳಚಿಗೆ ಗ್ರ್ಯಾಬ್ ಏಕೆ? ಇಳಿತದಲ್ಲಿ ದಿಬ್ಬಕ್ಕೆ ಇಳಿದು, ಅರ್ಧ ಮೀಟರಿನ ಚೌಕಟ್ಟು ಇಟ್ಟು, ಗೇಣುದ್ದ ಅಗೆದು ಎಣಿಸಿದರೆ ಮುಗಿಯಿತು. ಎಲ್ಲಿ ಅಗೆಯಬೇಕೆಂದು ಗೊತ್ತಾಗದಿದ್ದರೆ ಹೆಂಗಸರು ಎಲ್ಲಿ ಬಗ್ಗಿದ್ದಾರೆ ನೋಡಿದರೂ ಸಾಕಿತ್ತು.

ಅಂಕಿಗಳ ಕಥೆ ಇನ್ನೂ ಚೆಂದ. ಮೂರನೇ ತಾಣದಲ್ಲಿ 9 ಪ್ರಭೇದ, ಎಷ್ಟು ಬಗೆ, ಎಷ್ಟು ಸಮವಾಗಿ ಇವೆ ಎಂದು ಅಳೆಯುವ ಶಾನನ್ ವೈವಿಧ್ಯ ಸೂಚ್ಯಂಕ 3.41. ಒಂಬತ್ತೂ ಪ್ರಭೇದ ಸಮಸಮ ಸಂಖ್ಯೆಯಲ್ಲಿ ಸಿಕ್ಕರೂ ಈ ಸೂಚ್ಯಂಕ ಸಹಜ ಲಾಗರಿದಮ್‌ನಲ್ಲಿ 2.20 ದಾಟುವುದಿಲ್ಲ, ಆಧಾರ 2 ಹಿಡಿದರೆ 3.17. ಹಾಗಾದರೆ 3.41 ಬಂದದ್ದು ಯಾವ ಊರಿನ ವರದಿಯಿಂದ? ಕಾಟ್ಲಾ, ರೋಹು ಬಂದದ್ದೂ ಬಹುಶಃ ಅಲ್ಲಿಂದಲೇ. ಲವಣಾಂಶ 32 (ಹೆಚ್ಚುಕಡಿಮೆ ಕಡಲ ನೀರಿನಷ್ಟೇ ಉಪ್ಪು) ಎಂದು ಇವರೇ ಬರೆದ ತಾಣದ ಮೀನಿನ ಪಟ್ಟಿಯಲ್ಲಿ ಕೆರೆಮೀನು ಈಜುತ್ತಿದೆ, ನಮ್ಮ ಕಾಣೆ ಮೀನು ಮಾತ್ರ ಕಾಣೆ! ನೀರಿನಲ್ಲಿ ಕರಗಿದ ಆಮ್ಲಜನಕ ಎಲ್ಲ ತಾಣಗಳಲ್ಲೂ ಲೀಟರಿಗೆ 7.8 ಮಿ.ಗ್ರಾಂ. ಮೂವತ್ತು ಡಿಗ್ರಿಯ ಅಷ್ಟು ಉಪ್ಪು ನೀರು ಗಾಳಿಯಿಂದ ಹಿಡಿಯುವುದು ಲೀಟರಿಗೆ ಸುಮಾರು 6.3 ಮಿ.ಗ್ರಾಂ. ಪಾಚಿ ಹೆಚ್ಚಿದ್ದರೆ ಮಧ್ಯಾಹ್ನ ಏರೀತು, ಒಪ್ಪೋಣ. ಅಳಿವೆ ಬಾಯಿಯಿಂದ ಸೇತುವೆಯವರೆಗೂ ಒಂದೇ ಅಂಕಿ ಹೇಗೆ? ಮಾದರಿ ತೆಗೆದ ಕೂಡಲೇ, ಗುಳ್ಳೆ ಉಳಿಯದಂತೆ ಬಾಟಲಿ ತುಂಬಿ, ಆಮ್ಲಜನಕವನ್ನು ಅಲ್ಲೇ ಹಿಡಿದಿಡಲು ದೋಣಿಯಲ್ಲೇ ಮ್ಯಾಂಗನಸ್ ಸಲ್ಫೇಟ್, ಕ್ಷಾರೀಯ ಅಯೋಡೈಡ್ ಹಾಕಬೇಕು. ಲ್ಯಾಬಿಗೆ ಹೋದ ಮೇಲೆ ನೋಡಿಕೊಳ್ಳೋಣ ಎಂದರೆ ಬರುವುದು ಲ್ಯಾಬಿನ ಗಾಳಿಯ ಲೆಕ್ಕ.

ಸಮೀಕ್ಷೆ ನಡೆದದ್ದು ಡಿಸೆಂಬರ್‌ನಿಂದ ಫೆಬ್ರುವರಿ. ಮಳೆಗಾಲ ಬಿಟ್ಟು ಒಂದು ಋತು ಸಾಕು ಎಂಬ ಪದ್ಧತಿ ಒಳನಾಡಿನ ಗೋದಾಮಿಗೆ ನಡೆದೀತು. ಜುಲೈಯಲ್ಲಿ ಹೆಚ್ಚುಕಡಿಮೆ ಸಿಹಿಯಾಗುವ ಅಳಿವೆಗೂ ಅದೇ ಅಳತೆಯೇ? ಹೂಳೆತ್ತುವಾಗ ರಾಡಿ ಹರಡದಂತೆ ‘ಸಿಲ್ಟ್ ಕರ್ಟನ್’ ಕಟ್ಟುತ್ತಾರಂತೆ. ನೀರು ಸೆಕೆಂಡಿಗೆ ಅರ್ಧ ಮೀಟರಿಗಿಂತ ಜೋರಾಗಿ ಹರಿದರೆ ಆ ಪರದೆಯ ಬುಡ ಮೇಲೆದ್ದು ರಾಡಿ ಅಡಿಯಿಂದ ನುಗ್ಗುತ್ತದೆ. ಇವರದೇ ಕೋಷ್ಟಕದಲ್ಲಿ ಇಳಿತದ ವೇಗ 0.9 ಮೀಟರ್. ಕಾಲುವೆ ಆಳವಾದರೆ ಉಪ್ಪು ಎಲ್ಲಿಯ ತನಕ ಏರುತ್ತದೆ, ಅಳಿವೆ ಪಕ್ಕದ ತಗ್ಗಿನ ಗಜನಿ ಗದ್ದೆಗೂ ದಂಡೆಯ ಬಾವಿಗಳಿಗೂ ಏನಾಗುತ್ತದೆ ಎಂಬುದಕ್ಕೆ ಒಂದು ಸಾಲೂ ಇಲ್ಲ.

ಇದನ್ನೆಲ್ಲ ಕೇಳಿದರೆ ಉತ್ತರ ಕೊಡಲು ಎದ್ದವರು ವಾಯುಮಾಲಿನ್ಯದ ತಜ್ಞರು! ಜೀವವೈವಿಧ್ಯದ ಅಧ್ಯಾಯಕ್ಕೆ ಸಹಿ ಹಾಕಿದವರು ಬಂದೇ ಇರಲಿಲ್ಲ. ಯೋಜನೆಯವರ ದುಡ್ಡಿನಲ್ಲೇ ಯೋಜನೆಯ ವರದಿ ಬರೆಯುವ ಏರ್ಪಾಡು ಇರುವ ತನಕ, ಕಡಿಮೆ ದರ ಬರೆದವರಿಗೇ ಕೆಲಸ ಸಿಗುವ ತನಕ ಹೀಗೇ. ಸರಿಯಾಗಿ ಮಾಡುವ ಸಲಹಾ ಸಂಸ್ಥೆಗಳೂ ಇವೆ. ದೋಣಿ ಬಾಡಿಗೆಯ ಬಾಬ್ತು ಕಂಡೊಡನೆ ಅವರ ದರಪಟ್ಟಿ ಪಕ್ಕಕ್ಕೆ ಸರಿಯುತ್ತದೆ.

ಅಧಿಕಾರಿಗಳಿಗಾದರೂ ಕಣ್ಣು ಬೇಡವೇ? ಗಜನಿ ಬಂಡಿನ ಹಲಗೆ ಬಾಗಿಲು ಕೊಳೆತು ಉಪ್ಪುನೀರು ನುಗ್ಗಿದಾಗ ‘ನಮ್ಮ ಇಲಾಖೆಗೆ ಬರುವುದಿಲ್ಲ’ ಎಂದವರು ಇವರೇ. ಮರಳುದಿಬ್ಬ ತೆರವಿನ ಹೆಸರಲ್ಲಿ ರಾತ್ರಿ ಹಿಟಾಚಿ ಓಡಿದಾಗ ಫೋನ್ ಎತ್ತದವರೂ ಇವರೇ. ಈಗ ವರದಿಗೆ ಮುದ್ರೆ ಒತ್ತುವಾಗ ಮಾತ್ರ ಎಂಥ ಚುರುಕು! ಪಕ್ಕದ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿದಾಗ ಹಾರ ಹಾಕಿಸಿಕೊಂಡವರಿಗೆ ನಮ್ಮ ಬಳಚು ಬಳಚಲ್ಲ.

ಪರಿಸರ ಪರಿಣಾಮ ಅಂದಾಜಿನ 2006ರ ಕೇಂದ್ರ ಅಧಿಸೂಚನೆಯ 8ನೇ ಕಂಡಿಕೆಯಲ್ಲೇ ಇದೆ: ತಪ್ಪು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕರಿಸಬಹುದು, ಕೊಟ್ಟ ಅನುಮತಿಯನ್ನೂ ರದ್ದು ಮಾಡಬಹುದು. ಗೋವಾದ ಮೋಪಾ ವಿಮಾನ ನಿಲ್ದಾಣದ ಅನುಮತಿಯನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಅಮಾನತಿನಲ್ಲಿಟ್ಟದ್ದೂ ವರದಿಯ ಲೋಪಗಳನ್ನು ಎತ್ತಿ ತೋರಿಸಿಯೇ. ಮರುವರ್ಷ ಅದು ತೆರವಾಯಿತು, ಆ ಮಾತು ಬೇರೆ.

ಆದ್ದರಿಂದ ಆ ಅಧ್ಯಾಯವನ್ನು ಮಳೆಗಾಲವೂ ಸೇರಿ ಹೊಸದಾಗಿ ಮಾಡಿಸಬೇಕು, ಅಥವಾ ಇಡೀ ವರದಿಯನ್ನೇ ವಾಪಸು ಕಳಿಸಬೇಕು. ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಸಂಬಂಧಪಟ್ಟವರು ಗಮನ ಹರಿಸಲಿ. ಯಾರು ಸಂಬಂಧಪಟ್ಟವರು ಎಂಬುದನ್ನೂ ಅವರೇ ತಿಳಿಸಲಿ. ಏನೂ ಆಗದಿದ್ದರೆ ಮುಂದಿನ ಸಭೆಗೆ ಮೈಕನ್ನಾದರೂ ರಿಪೇರಿ ಮಾಡಿಸಿ, ನಾಚಿಕೆ ಅನ್ನುವುದು ಇದ್ದರೆ.

– ಜಲಜೀವಿ ಸಮೀಕ್ಷಕ, ಉತ್ತರ ಕನ್ನಡ