ಶಿಬಿರದ ಸಭಾಪಾಲಕರೂ ನಿರಾಶ್ರಿತರೇ

ಮಾನ್ಯರೇ,

ಬರ್ಮಾದ ಸೇನೆಗೆ ಹೆದರಿ ಥಾಯ್ಲೆಂಡ್ ಗಡಿಗೆ ಓಡಿಬಂದ ಕರೆನ್ ಜನರ ಮಾತು ಬಂದಾಗಲೆಲ್ಲ, ‘ಮಿಷನರಿಗಳು ಅಕ್ಕಿ ಕೊಟ್ಟು ಮತ ಬದಲಿಸಿದರು’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವರನ್ನು ಕಂಡು ಬೇಸರವಾಗುತ್ತದೆ. ಕರೆನ್ನರಲ್ಲಿ ಮೊದಲಿಗನಾಗಿ ಕೊ ಥಾ ಬ್ಯೂ ದೀಕ್ಷಾಸ್ನಾನ ಪಡೆದದ್ದು 1828ರಲ್ಲಿ. ಗಡಿಯಲ್ಲಿ ನಿರಾಶ್ರಿತರ ಶಿಬಿರಗಳು ಎದ್ದದ್ದು ಅದಾಗಿ ಒಂದೂವರೆ ಶತಮಾನದ ಮೇಲೆ, 1984ರಲ್ಲಿ. ದಾರಿ ತೋರಿದವರು ಅಮೆರಿಕದ ಬ್ಯಾಪ್ಟಿಸ್ಟರು ನಿಜ. ಆದರೆ ಆ ಕೊ ಥಾ ಬ್ಯೂವಿನಂತೆ ಬೆಟ್ಟದ ಹಳ್ಳಿಗಳನ್ನು ಸುತ್ತಿ ಸುವಾರ್ತೆ ಸಾರಿದವರಲ್ಲಿ ಕರೆನ್ನರೇ ಬಹಳ ಮಂದಿ. 1830ರ ದಶಕದಲ್ಲಿ ಮಿಷನರಿ ಜೊನಾಥನ್ ವೇಡ್ ಬರ್ಮೀ ಅಕ್ಷರಗಳನ್ನೇ ಹೊಂದಿಸಿ ಸ್ಗಾ ಕರೆನ್ ಭಾಷೆಗೆ ಲಿಪಿ ಮಾಡಿಕೊಟ್ಟರು. ಶಿಬಿರದ ಮಕ್ಕಳು ಇಂದಿಗೂ ಅದೇ ಅಕ್ಷರ ತಿದ್ದುತ್ತಾರೆ. ಕಿಟ್ಟೆಲ್ ನಿಘಂಟನ್ನು ಈಗಲೂ ತೆರೆದು ನೋಡುವ ನಮಗೆ ಇದರ ಬೆಲೆ ತಿಳಿಯದೆ ಹೋಗಬಾರದು.

ಎಲ್ಲಕ್ಕಿಂತ ದೊಡ್ಡ ಶಿಬಿರ ಮೇ ಲಾ. ಸುಣ್ಣಕಲ್ಲಿನ ಕಡಿದಾದ ಗುಡ್ಡದ ಬುಡದಲ್ಲಿ ಒತ್ತೊತ್ತಾಗಿ ಬಿದಿರಿನ ಮನೆಗಳು, ಮೇಲೆ ಎಲೆ ಹೊದಿಕೆ. ಅಲ್ಲಿ ಒಂದು ಬೈಬಲ್ ಕಾಲೇಜೂ ಇದೆ. ಅಲ್ಲಿನ ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿಗಳು, ಎಲ್ಲಿಂದಲೋ ವಿಮಾನದಲ್ಲಿ ಬಂದಿಳಿದವರಲ್ಲ; ಊರು ಸುಟ್ಟುಹೋದ ಮೇಲೆ ನೆರೆಹೊರೆಯವರೊಂದಿಗೆ ನಡೆದು ಬಂದವರು.

ಹಾಗೆಂದು ತಪ್ಪೇ ಆಗಿಲ್ಲ ಎನ್ನಲಾರೆ. ಕರೆನ್ನರಲ್ಲಿ ಬೌದ್ಧರೇ ಹೆಚ್ಚು, ಬರ್ಮಾ ಸೇನೆಯ ವಿರುದ್ಧದ ಸಶಸ್ತ್ರ ಹೋರಾಟದ ನಾಯಕತ್ವ ಮಾತ್ರ ಬಹುಪಾಲು ಕ್ರೈಸ್ತರದು. ಆ ಕಹಿ ಒಳಗೊಳಗೇ ಬೆಳೆದು 1994ರ ಕೊನೆಯಲ್ಲಿ ಕರೆನ್ ಪಡೆಯಿಂದ ಬೌದ್ಧ ಸೈನಿಕರು ಬೇರೆಯಾದರು. ಅವರ ನೆರವಿನಿಂದಲೇ 1995ರ ಜನವರಿಯಲ್ಲಿ ಕರೆನ್ನರ ಕೇಂದ್ರ ಮನೆರ್‌ಪ್ಲಾ ಬರ್ಮಾ ಸೇನೆಯ ವಶವಾಯಿತು. ಚರ್ಚುಗಳಿಗೆ ಇದು ಮರೆಯುವ ಸಂಗತಿಯಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಒಂಬತ್ತು ಶಿಬಿರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅಮೆರಿಕ ನೆರವು ಕಡಿತಗೊಳಿಸಿದ್ದರಿಂದ, ತೀರಾ ದುರ್ಬಲರನ್ನು ಬಿಟ್ಟು ಉಳಿದವರಿಗೆ 2025ರ ಜುಲೈ ಕೊನೆಗೆ ಪಡಿತರ ನಿಂತುಹೋಯಿತು. ಮರುತಿಂಗಳೇ ಥಾಯ್ ಸರ್ಕಾರ ಹೊರಗೆ ದುಡಿಯಲು ಅನುಮತಿ ನೀಡಲು ಒಪ್ಪಿತು, ಒಳ್ಳೆಯದೇ. ಆದರೆ ಹಾಲು ಕುಡಿಯುವ ಕೂಸನ್ನು ಬಿಟ್ಟು ತಾಯಿ ಯಾವ ಕೂಲಿಗೆ ಹೋಗಬೇಕು? ಈ ಹೊತ್ತಿನಲ್ಲಿ ಚರ್ಚುಗಳು ಅಕ್ಕಿ ಹೊತ್ತು ಹೋಗಲಿ, ಖಂಡಿತ ಹೋಗಲಿ. ಆದರೆ ಪ್ರಾರ್ಥನೆಗೆ ಬಾರದ ಬೌದ್ಧ, ಮುಸ್ಲಿಂ ಮನೆಗಳಿಗೂ ಅದೇ ಸೇರಿನಲ್ಲಿ ಅಳೆದು ಕೊಡಲಿ. ಮಾದರಿಗೆ ದೂರ ಹುಡುಕಬೇಕಿಲ್ಲ. ಕರೆನ್ ಕ್ರೈಸ್ತ ವೈದ್ಯೆ ಸಿಂಥಿಯಾ ಮೌಂಗ್ ಗಡಿಯ ಮೇ ಸೊಟ್ ಪಟ್ಟಣದಲ್ಲಿ 1989ರಲ್ಲಿ ತೆರೆದ ಚಿಕಿತ್ಸಾಲಯದ ಬಾಗಿಲು ಎಲ್ಲ ಮತದವರಿಗೂ ತೆರೆದೇ ಇದೆ.

— ಒಬ್ಬ ಓದುಗ, ಧಾರವಾಡ