ಜ್ವರದ ಬೆನ್ನಿಗೆ ಬಂದ ‘ಹುಚ್ಚು’

ಮಾನ್ಯರೆ,

ಮಾನಸಿಕ ಆರೋಗ್ಯದ ಬಗ್ಗೆ ಪತ್ರಿಕೆಗಳು ಈಗ ಜಾಸ್ತಿ ಬರೆಯುತ್ತಿವೆ, ಸಂತೋಷ. ಆದರೆ ನೋಡಲು ಥೇಟ್ ಹುಚ್ಚಿನ ಹಾಗೇ ಇದ್ದು, ಮೂಲದಲ್ಲಿ ರೋಗನಿರೋಧಕ ವ್ಯವಸ್ಥೆಯ ಎಡವಟ್ಟಾಗಿರುವ ಒಂದು ಕಾಯಿಲೆಯ ಸುದ್ದಿ ಮಾತ್ರ ಅಪರೂಪ.

ಹೆಸರು ನಾಲಿಗೆ ಹೊರಳದಂಥದ್ದು: ಆ್ಯಂಟಿ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್, ಅಂದರೆ ಮೆದುಳಿನ ಒಂದು ಬಗೆಯ ಉರಿಯೂತ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಾ. ಜೋಸೆಪ್ ದಲ್ಮಾವು ಮತ್ತು ಜೊತೆಗಾರರು ಇದನ್ನು ಗುರುತಿಸಿದರು. ಸೋಂಕಿನ ಮೇಲೆ ಬೀಳಬೇಕಾದ ಪ್ರತಿಕಾಯಗಳು ಮೆದುಳಿನ ಎನ್‌ಎಂಡಿಎ ರಿಸೆಪ್ಟರ್‌ಗಳಿಗೆ (ನರಕೋಶಗಳು ಸಂದೇಶ ಹಿಡಿಯುವ ಗ್ರಾಹಿಗಳಿಗೆ) ಅಂಟಿಕೊಳ್ಳುತ್ತವೆ. ನೆನಪಿಗೂ ನಡವಳಿಕೆಗೂ ಬೇಕಾದ ಆ ರಿಸೆಪ್ಟರ್‌ಗಳು ಕಡಿಮೆಯಾಗುತ್ತಾ ಹೋಗುತ್ತವೆ. ಹೆಚ್ಚಾಗಿ ಕಾಣುವುದು ಹರೆಯದ ಹೆಣ್ಣುಮಕ್ಕಳಲ್ಲಿ, ಎಳೆಯರಲ್ಲಿ. ಕೆಲವರಿಗೆ ಅಂಡಾಶಯದ ಟೆರಟೋಮಾ ಗೆಡ್ಡೆಯೇ ಕಾರಣ. ಆ ಗೆಡ್ಡೆಯಲ್ಲಿ ನರದ ಅಂಗಾಂಶವೂ ಇರುತ್ತದೆ. ಅದರ ವಿರುದ್ಧ ಎದ್ದ ಪ್ರತಿಕಾಯ ಮೆದುಳನ್ನೂ ಬಿಡುವುದಿಲ್ಲ.

ನಮ್ಮ ನೆಂಟರ ಮಗಳಿಗೆ ಆಗಿದ್ದು ಇದೇ. ಮೊದಲು ಜ್ವರ, ತಲೆನೋವು. ಆಮೇಲೆ ನಿದ್ದೆ ಹೋಯಿತು. ಸಾರಿಗೆ ವಿಷ ಹಾಕಿದ್ದೀಯ ಅಂತ ಅಮ್ಮನ ಮೇಲೆ ಕೂಗಾಡಿದಳು. ಎಂಆರ್‌ಐ ನಾರ್ಮಲ್ ಬಂತು. (ಇದರಲ್ಲಿ ಎಷ್ಟೋ ಸಲ ನಾರ್ಮಲ್ಲೇ ಬರುತ್ತದೆ, ತಾಪತ್ರಯ ಅಲ್ಲೇ.) ಮನಸ್ಸಿನ ಕಾಯಿಲೆ ಅಂದರು, ಮಾತ್ರೆ ಕೊಟ್ಟರು. ಬಾಯಿ ಏನೋ ಅಗಿಯುತ್ತಿರುವ ಹಾಗೆ ಸುಮ್ನೆ ಆಡುತ್ತಲೇ ಇತ್ತು. ಗಾಳಿ ಸೋಕಿದೆ ಅಂತ ತಾಯತವೂ ಬಂತು. ಆ ಬಾಯಾಟವೇ ದೊಡ್ಡ ಸುಳಿವು ಅಂತ ತಿಳಿದದ್ದು, ಫಿಟ್ಸ್ ಬಂದು ನರರೋಗ ವೈದ್ಯರ ಹತ್ತಿರ ಓಡಿದ ಮೇಲೆ. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದಾಗ ಪ್ರತಿಕಾಯ ಸಿಕ್ಕಿತು. ಈಗ ಕಾಲೇಜಿಗೆ ಹೋಗುತ್ತಿದ್ದಾಳೆ.

ಇದು ಅದೃಷ್ಟವಲ್ಲ. 577 ರೋಗಿಗಳ ಅಧ್ಯಯನವೊಂದು 2013ರಲ್ಲಿ ಪ್ರಕಟವಾಗಿದೆ. ಎರಡು ವರ್ಷದವರೆಗೆ ಗಮನಿಸಿದವರಲ್ಲಿ ಶೇ 81ರಷ್ಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಸ್ಟೆರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧ), ರಕ್ತದ ಪ್ಲಾಸ್ಮಾ ಬದಲಾವಣೆ ಇದರ ಚಿಕಿತ್ಸೆ. ಬೇಗ ಶುರುವಾದಷ್ಟೂ ಗುಣ ಜಾಸ್ತಿ.

ಹಾಗಂತ ಮಾನಸಿಕ ಕಾಯಿಲೆಯೆಲ್ಲಾ ಇದೇ ಅಂತಲ್ಲ. ಇದು ಅಪರೂಪದ್ದು. ಯಾರೂ ಈ ಪತ್ರ ಓದಿ ಮಾತ್ರೆ ನಿಲ್ಲಿಸಬಾರದು. ಆದರೆ ಜ್ವರದ ಬೆನ್ನಿಗೇ, ಕೆಲವೇ ದಿನಗಳಲ್ಲಿ, ಚೆನ್ನಾಗಿದ್ದ ಹುಡುಗಿ ಹೀಗಾದರೆ ನರರೋಗ ವೈದ್ಯರಿಗೂ ಒಮ್ಮೆ ತೋರಿಸಬೇಕಲ್ವಾ? ಪ್ರತಿಕಾಯದ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಅದೇ ಸಂಸ್ಥೆಯ ಜೊತೆ ಸೇರಿ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ತೆರೆದಿದೆ. ಮಾದರಿಯನ್ನು ಅಲ್ಲೇ ತೆಗೆದು ಬೆಂಗಳೂರಿಗೆ ಕಳಿಸುವ ಏರ್ಪಾಡು ಎಲ್ಲ ಜಿಲ್ಲೆಗಳಲ್ಲೂ ಇರಲಿ. ಇಮ್ಯುನೊಗ್ಲಾಬ್ಯುಲಿನ್ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಬಡವರ ಪಾಲಿನ ಆ ಖರ್ಚನ್ನು ಆರೋಗ್ಯ ಇಲಾಖೆ ಪೂರ್ತಿ ಭರಿಸಲಿ.

– ಓದುಗ, ತುಮಕೂರು